ಬೂದಿದಿಬ್ಬಗಳ ವಯಸ್ಸು

ಬಳ್ಳಾರಿಗೆ ಅನತಿದೂರದ ಸಂಗನಕಲ್ಲು, ಕುಪ್ಪಗಲ್ಲುಗಳ ಸುತ್ತಿನಲ್ಲಿಯೂ ರಾಯಚೂರು ಸೀಮೆಯ ಬಯಲುಗಳಲ್ಲಿಯೂ ಅಲ್ಲಲ್ಲಿ ಕಾಣಬರುವ ಬೂದಿದಿಬ್ಬಗಳನ್ನು ನಮ್ಮ ಜನರು ಬಹುಕಾಲದಿಂದ ರಾಕ್ಷಸರ ಚಿತಾಭಸ್ಮವೆಂದು ನಂಬಿಕೊಂಡು ಬಂದಿದ್ದಾರೆ. ಹಂಪೆಯ ನೆರೆಯ ನಿಂಬಾಪುರದ ದಿಬ್ಬವಂತೂ ವಾಲಿಯ ದಹನಸ್ಥಾನವೆಂದೇ ಪ್ರಸಿದ್ಧ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇವು ದನದ ಸಗಣಿ ಸುಟ್ಟು ಆದ ರಾಶಿಗಳಿರಬೇಕೆಂದು ಊಹಿಸಿದ್ದರು. ಮುಂದೆ 1957ರಲ್ಲಿ ಪುರಾತತ್ತ್ವಜ್ಞ ಆಲ್ಚಿನ್ ಅವರು ಈಗಿನ ತೆಲಂಗಾಣದ ಉತ್ನೂರಿನಲ್ಲಿ ಅಗೆದಾಗ, ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳೂ ದೊಡ್ಡಿಯ ಬೇಲಿಗೂಟ ನೆಟ್ಟ ಕುಳಿಗಳೂ ಅಚ್ಚಳಿಯದೆ ದೊರೆತವು. ಗೋಪಾಲಕರ ನೆಲೆಗಳು ಇವೆಂಬುದು ಸ್ಥಿರವಾಯಿತು. ಅವರು ಯಾವ ಕಾಲದವರೆಂಬುದು ಮಾತ್ರ ಉಳಿಯಿತು.

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು 1947ರಲ್ಲಿ ಅಗೆಸಿದ ಮಾರ್ಟಿಮರ್ ವ್ಹೀಲರ್ ಅವರಿಗೆ ಲಭ್ಯವಿದ್ದ ಸಾಧನಗಳೆಂದರೆ ಮಣ್ಣಿನ ಪದರಗಳ ಅನುಕ್ರಮ, ಮಡಕೆಚೂರುಗಳು, ಚಂದ್ರವಳ್ಳಿಯಲ್ಲಿ ದೊರೆತ ರೋಮನ್ ನಾಣ್ಯಗಳು. ಕಾಲ ತಿಳಿದ ನಾಣ್ಯದಿಂದ ತೊಡಗಿ, ಪದರಪದರವಾಗಿ ಕೆಳಗಿಳಿಯುತ್ತ, ಈ ಗೋಪಾಲಕರ ಸಂಸ್ಕೃತಿಗೇ ಸೇರಿದ ನವಶಿಲಾಯುಗದ ಕಲ್ಲುಕೊಡಲಿಯ ಜನರನ್ನು ಅವರು ಕ್ರಿಸ್ತಪೂರ್ವ ಮೊದಲನೆಯ ಸಹಸ್ರಮಾನದಲ್ಲಿರಿಸಿದರು. ಅಂದಿನ ಸಾಮಗ್ರಿಗೆ ಅದು ನ್ಯಾಯವಾದ ನಿರ್ಣಯವೇ. ಆದರೂ ಒಂದು ಹಿಡಿ ಇದ್ದಿಲು ಅದನ್ನು ಸಾವಿರ ವರ್ಷಗಳಿಗೂ ಮಿಕ್ಕಿ ಹಿಂದಕ್ಕೆ ಸರಿಸಿತು.

ವಾಯುಮಂಡಲದ ಮೇಲ್ಭಾಗದಲ್ಲಿ ವಿಶ್ವಕಿರಣಗಳ ಪ್ರಭಾವದಿಂದ ನೈಟ್ರೋಜನ್ನಿನ ಕೆಲವು ಪರಮಾಣುಗಳು ವಿಕಿರಣಶೀಲವಾದ ಇಂಗಾಲ-14 ಆಗಿ ಮಾರ್ಪಟ್ಟು, ಗಾಳಿಯಿಂದ ಸಸ್ಯಕ್ಕೂ ಸಸ್ಯದಿಂದ ಪ್ರಾಣಿಗೂ ಸಂಚರಿಸುತ್ತವೆ. ಜೀವವಿರುವವರೆಗೆ ಕ್ಷಯಿಸಿದಷ್ಟು ಮತ್ತೆ ತುಂಬಿಕೊಳ್ಳುವುದು. ಜೀವ ಹೋದೊಡನೆ ಭರ್ತಿ ನಿಂತು, ಉಳಿದುದು ಸುಮಾರು 5,730 ವರ್ಷಗಳಿಗೊಮ್ಮೆ ಅರ್ಧಕ್ಕಿಳಿಯುವುದು. ಈ ತತ್ತ್ವದ ಮೇಲೆ ಕಾಲವನ್ನು ಅಳೆಯಬಹುದೆಂದು ಷಿಕಾಗೋದ ವಿಲಾರ್ಡ್ ಲಿಬ್ಬಿಯವರು 1949ರಲ್ಲಿ ತೋರಿಸಿಕೊಟ್ಟು, 1960ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದರು. ಗಾಳಿಯ ಇಂಗಾಲ-14 ಎಲ್ಲ ಕಾಲದಲ್ಲಿಯೂ ಒಂದೇ ಪ್ರಮಾಣದಲ್ಲಿರಲಿಲ್ಲವೆಂಬುದು ಬಳಿಕ ಹಳೆಯ ಮರಗಳ ವಾರ್ಷಿಕ ಬಳೆಗಳಿಂದ ತಿಳಿದುಬಂದು, ಲೆಕ್ಕವನ್ನು ಅವುಗಳೊಡನೆ ಹೋಲಿಸಿ ತಿದ್ದುವ ಕ್ರಮ ಬಂದಿತು. ನಮ್ಮಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ನೆಲೆಗೊಂಡು, ಮುಂದೆ ಅಹಮದಾಬಾದಿಗೆ ಸಾಗಿದ ಪ್ರಯೋಗಶಾಲೆಯು ತೆಕ್ಕಲಕೋಟೆ, ಹಳ್ಳೂರುಗಳ ನವಶಿಲಾಯುಗದ ನೆಲೆಗಳ ಇದ್ದಿಲನ್ನು ಪರೀಕ್ಷಿಸಿತು. ದಕ್ಷಿಣದ ನವಶಿಲಾಯುಗದ ಆರಂಭ ಕ್ರಿಸ್ತಪೂರ್ವ ಮೂರನೆಯ ಸಹಸ್ರಮಾನದ್ದೆಂಬುದು ಇಂತಹ ಪರೀಕ್ಷೆಗಳಿಂದ ನಿಶ್ಚಿತವಾಯಿತು.

ಯಂತ್ರದ ಹಿರಿಮೆಗೆ ಬೆರಗಾಗುವವರು ಅಗೆಯುವವರ ಕೈಯನ್ನು ಮರೆಯಬಾರದು. ಕುಳಿಯಲ್ಲಿ ಕುಳಿತವರು ಇದ್ದಿಲಿನ ತುಣುಕನ್ನು ಬೆರಳಿನಿಂದ ಮುಟ್ಟದೆ ಚಿಮಟದಲ್ಲೆತ್ತಿ, ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಯಾವ ಪದರ, ಎಷ್ಟು ಆಳ ಎಂಬುದನ್ನು ಒಡನೆಯೇ ಬರೆದಿಡುತ್ತಾರೆ. ಪ್ರಯೋಗಶಾಲೆಯಲ್ಲಿ ಅದಕ್ಕಂಟಿದ ಕೂದಲೆಳೆಯಂತಹ ಬೇರುಗಳನ್ನು ಒಂದೊಂದಾಗಿ ತೆಗೆದು, ಮೊದಲು ಆಮ್ಲದಲ್ಲಿಯೂ ತರುವಾಯ ಕ್ಷಾರದಲ್ಲಿಯೂ ಮತ್ತೆ ಆಮ್ಲದಲ್ಲಿಯೂ ತೊಳೆಯುತ್ತಾರೆ. ಈಚಿನ ಬೇರೊಂದು ಉಳಿದರೂ ವಯಸ್ಸು ತಗ್ಗಿ ತೋರುವುದು. ಇಲಿಯ ಬಿಲದಿಂದ ಮೇಲಿನ ತುಣುಕು ಕೆಳಗಿಳಿದಿದ್ದರೆ ಯಂತ್ರ ಏನು ಮಾಡೀತು? ಇನ್ನು ಹಳೆಯ ಮರದ ತಿರುಳು, ಆ ಮರವನ್ನು ಕಡಿಯುವುದಕ್ಕೆ ನೂರಾರು ವರ್ಷ ಮುನ್ನವೇ ಬೆಳೆದು ನಿಂತುದಾಗಿರಬಹುದು. ಆದುದರಿಂದಲೇ ರವಿ ಕೋರಿಶೆಟ್ಟರ್, ಡೋರಿಯನ್ ಫುಲ್ಲರ್ ಮೊದಲಾದವರು ಸಂಗನಕಲ್ಲಿನ ಸುತ್ತ ಕೆಲಸ ಮಾಡುವಾಗ ಸುಟ್ಟು ಕರಿಕಾದ ಹುರುಳಿ, ಹೆಸರು, ಕೊರಲೆಗಳ ಕಾಳುಗಳಿಗೆ ಬೆಲೆ ಕೊಟ್ಟರು: ಕಾಳು ಒಂದೇ ಋತುವಿನ ಬೆಳೆ, ಅದರ ವಯಸ್ಸೇ ಉಂಡವರ ಕಾಲ.

ಇಂಗಾಲದ ದೃಷ್ಟಿ ಸುಮಾರು 50,000 ವರ್ಷಗಳಾಚೆಗೆ ಮಂಕಾಗುವುದರಿಂದ, ಸುರಪುರ ಸೀಮೆಯ ಈಸಾಂಪುರದ ಕೈಗೊಡಲಿಗಳ ಕಾಲವನ್ನು ಅವುಗಳೊಡನೆ ದೊರೆತ ಪ್ರಾಣಿದಂತಗಳ ಎನಾಮಲಿನಿಂದ ಎಲೆಕ್ಟ್ರಾನ್ ಸ್ಪಿನ್ ಅನುರಣನ ವಿಧಾನದಲ್ಲಿ ಅಳೆದು ಸುಮಾರು 12 ಲಕ್ಷ ವರ್ಷಗಳೆಂದು ಹೇಳಿದ್ದಾರೆ. ಹಾಸನ ಜಿಲ್ಲೆಯ ಗೊರೂರಿನ ನೈಸ್ ಶಿಲೆಗೆ ರುಬಿಡಿಯಂ ಸ್ಟ್ರಾನ್ಷಿಯಂ ಆಗುವ ಮಂದಗತಿಯ ಗಣಿತದಿಂದ ಸುಮಾರು 330 ಕೋಟಿ ವರ್ಷಗಳ ಆಯಸ್ಸು ದೊರೆತಿದೆ. ಪ್ರತಿಯೊಂದು ವಸ್ತುವಿಗೂ ಅದರದೇ ಗಡಿಯಾರ.

ಲಿಬ್ಬಿಯವರ ಕಾಲದಲ್ಲಿ ಪರೀಕ್ಷೆಗೆ ಗ್ರಾಮುಗಟ್ಟಲೆ ಇಂಗಾಲ ಬೇಕಾಗಿತ್ತು. ವೇಗೋತ್ಕರ್ಷಕಗಳಿಂದ ಪರಮಾಣುಗಳನ್ನೇ ಎಣಿಸುವ ಈಗಿನ ಕ್ರಮಕ್ಕೆ ಮಿಲಿಗ್ರಾಮಿನಷ್ಟು ಸಾಕು, ಅಂದರೆ ಅಂದು ನಿರುಪಯುಕ್ತವೆನಿಸಿದ ಒಂದೇ ಕಾಳು ಇಂದು ಸಾಕ್ಷಿ ಹೇಳಬಲ್ಲುದು. ಹಾಗಿರುವಾಗ ಬೂದಿಯನ್ನು ಹೊಲಗಳಿಗೆ ಹೊತ್ತೊಯ್ದುದರಿಂದ ದಿಬ್ಬಗಳು ಕರಗಿರುವುದೂ, ಕುಪ್ಪಗಲ್ಲಿನ ಗುಡ್ಡಕ್ಕೆ ಕಲ್ಲುಗಣಿಯ ಬಾಧೆ ತಟ್ಟಿರುವುದೂ ಮನಸ್ಸನ್ನು ನೋಯಿಸುತ್ತದೆ. ಉಳಿದಿರುವ ದಿಬ್ಬಗಳಿಗೆ ರಕ್ಷಣೆಯನ್ನೊದಗಿಸಿ, ಅಗೆದಲ್ಲಿಯೂ ಒಂದು ಪಾಲನ್ನು ಮುಟ್ಟದೆ ಮುಂದಿನವರ ಪರೀಕ್ಷೆಗೆಂದು ಬಿಡುವುದು ಕೂಡಲೇ ಆಗಬೇಕಾದ ಕಾರ್ಯ.