ಕಾಡಿನ ಹತ್ತು ವರ್ಷದ ಹೊತ್ತಿಗೆ

ಹುಬ್ಬಳ್ಳಿಯ ನಮ್ಮ ವಿದ್ಯಾನಗರದಿಂದ ಹೊರಟು ಕಾರವಾರ ರಸ್ತೆ ಹಿಡಿದರೆ, ಕಲಘಟಗಿ ದಾಟಿದ ಮೇಲೆ ಹೊಲಗಳ ನಡುವೆ ತೇಗ, ಮತ್ತಿಗಳ ಕಾಡು ಶುರುವಾಗುತ್ತದೆ. ತಾನಾಗಿ ಬೆಳೆದು ನಿಂತಂತೆ ಕಾಣುವ ಈ ಕಾಡಿನ ಒಂದೊಂದು ತುಂಡಿಗೂ ನಂಬರಿದೆ. ಅರಣ್ಯ ಇಲಾಖೆಯವರು ಅದನ್ನು ಕಂಪಾರ್ಟ್‌ಮೆಂಟ್ ಎನ್ನುತ್ತಾರೆ. ಎಲ್ಲಿ ಏನು ಮಾಡಬೇಕು, ಯಾವುದನ್ನು ಮುಟ್ಟಬಾರದು ಎಂದು ಬರೆದಿಡುವ ಹೊತ್ತಿಗೆಯೇ ವರ್ಕಿಂಗ್ ಪ್ಲಾನ್. ಸಾಮಾನ್ಯವಾಗಿ ಹತ್ತು ವರ್ಷಕ್ಕೊಂದು. ಕೇಂದ್ರ ಸರ್ಕಾರ ಒಪ್ಪಿದ ಈ ಯೋಜನೆಯ ಪ್ರಕಾರವಲ್ಲದೆ ಕಾಡಿನ ಮರ ಕಡಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಗೋದಾವರ್ಮನ್ ಪ್ರಕರಣದಲ್ಲಿ 1996ರ ಡಿಸೆಂಬರ್ 12ರಂದು ಆದೇಶಿಸಿತು.

ಬರೆಯುವುದಕ್ಕೆ ಮೊದಲು ಅಳೆಯಬೇಕು. ಗಾರ್ಡ್ ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಅಂದರೆ ಎದೆಮಟ್ಟದಲ್ಲಿ, ಮರಕ್ಕೆ ಟೇಪು ಸುತ್ತುತ್ತಾರೆ. ಇಳಿಜಾರಾದರೆ ಮೇಲ್ಬದಿಗೆ ನಿಂತು ಅಳೆಯಬೇಕು. ಬಳ್ಳಿ ಹಬ್ಬಿದ್ದರೆ ಟೇಪನ್ನು ಅದರಡಿಗೆ ತೂರಿಸಬೇಕು. ಆಮೇಲೆ ಬಗ್ಗಿ ನೆಲ ನೋಡಬೇಕು. ಮತ್ತಿಯ ಕೆಳಗೆ ಮತ್ತಿಯ ಸಸಿ ಎದ್ದಿದೆಯೇ? ದನ ಮೇದಿವೆಯೇ? ಬೆಂಕಿ ಬಿದ್ದಿತ್ತೇ? ಇಡೀ ಕೆಲಸದಲ್ಲಿ ನನಗೆ ಬಹಳ ಮುಖ್ಯವೆನಿಸುವುದು ಈ ಸಸಿಗಳ ಎಣಿಕೆ. ಮರ ಎಷ್ಟೇ ದಪ್ಪವಿರಲಿ, ಅಡಿಯಲ್ಲಿ ಸಸಿ ಏಳದಿದ್ದರೆ ಆ ಕಾಡಿಗೆ ಮುಪ್ಪು ಬಂತೆಂದೇ ಲೆಕ್ಕ.

ಯೋಜನೆ ಯಾರಿಗಾಗಿ ಎಂಬ ಪ್ರಶ್ನೆಯನ್ನು ನಮ್ಮ ಸೀಮೆಯ ಜನ ಗಟ್ಟಿಯಾಗಿ ಕೇಳಿದ್ದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ. ಆಗ ಅದು ಧಾರವಾಡ ಜಿಲ್ಲೆ. ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯ ಜೊತೆ ಸರ್ಕಾರ 1984ರಲ್ಲಿ ಕಟ್ಟಿದ ಕರ್ನಾಟಕ ಪಲ್ಪ್‌ವುಡ್ಸ್ ಕಂಪನಿಗೆ ಸುಮಾರು 30,000 ಹೆಕ್ಟೇರ್ ಜಮೀನು ನೀಲಗಿರಿ ಬೆಳೆಯಲೆಂದು ಗೊತ್ತುಪಡಿಸಲಾಗಿತ್ತು. ಊರಿನವರು ದನ ಮೇಯಿಸುತ್ತಿದ್ದ, ಸೌದೆ ತರುತ್ತಿದ್ದ ನೆಲವೇ ಅದು. ಶಿವರಾಮ ಕಾರಂತರು ಮತ್ತು ಧಾರವಾಡದ ಸಮಾಜ ಪರಿವರ್ತನ ಸಮುದಾಯದವರು ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ಹಚ್ಚುವುದೆಂದರೆ ನಮ್ಮ ಕಡೆ ನೆಡುವುದು. ಜನ ನೀಲಗಿರಿ ಕಿತ್ತು, ತಮಗೆ ಬೇಕಾದ ಸಸಿ ಹಚ್ಚಿದರು. ಕೆಲವೇ ವರ್ಷಗಳಲ್ಲಿ ಕಂಪನಿ ಮುಚ್ಚಿತು.

1993ರಲ್ಲಿ ರಾಜ್ಯ ಸರ್ಕಾರ ಗ್ರಾಮ ಅರಣ್ಯ ಸಮಿತಿಗಳನ್ನು ರಚಿಸಲು ಆದೇಶ ಹೊರಡಿಸಿತು. ಬೇರೆ ರಾಜ್ಯಗಳಲ್ಲಿ ಈ ವ್ಯವಸ್ಥೆಯ ಹೆಸರು ‘ಜಂಟಿ ಅರಣ್ಯ ನಿರ್ವಹಣೆ’ ಎಂದಷ್ಟೇ ಇದ್ದರೆ, ಇಲ್ಲಿ ಹೆಸರಿನಲ್ಲೇ ‘ಯೋಜನೆ’ಯೂ ಸೇರಿತು. ಯಾವ ಸಸಿ ನೆಡಬೇಕು, ಎಲ್ಲಿ ದನ ಮೇಯಿಸುವುದನ್ನು ನಿಲ್ಲಿಸಬೇಕು ಎಂಬುದನ್ನು ಊರಿನವರೇ ಕೂತು ಬರೆಸಬಹುದು. ಸಭೆಯನ್ನೇ ಸೇರದೆ ಕಡತದಲ್ಲಿ ಉಳಿದ ಸಮಿತಿಗಳೂ ಇವೆ. ಅದು ನೋವಿನ ಮಾತು.

ಈಗ ಮೇಲಿನಿಂದಲೂ ಕಣ್ಣಿದೆ. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣೆ ಎರಡು ವರ್ಷಕ್ಕೊಮ್ಮೆ ಉಪಗ್ರಹ ಚಿತ್ರಗಳಿಂದ ದೇಶದ ಹಸಿರನ್ನು ಅಳೆಯುತ್ತದೆ. ಒಂದು ಹೆಕ್ಟೇರಿನಷ್ಟು ಜಾಗದಲ್ಲಿ ಶೇ 10ರಷ್ಟು ಮರದ ನೆರಳಿದ್ದರೆ, ಮರ ಯಾವುದೇ ಇರಲಿ, ಅದು ಅರಣ್ಯ ಹೊದಿಕೆಯ ಲೆಕ್ಕಕ್ಕೆ ಬರುತ್ತದೆ. ನೀಲಗಿರಿ ತೋಪೂ ಆ ನಕ್ಷೆಯಲ್ಲಿ ಹಸಿರೇ. ಅದರಡಿ ದನಕ್ಕೆ ಮೇವಿದೆಯೋ, ಗೊಬ್ಬರಕ್ಕೆ ಸೊಪ್ಪಿದೆಯೋ ಎಂಬುದನ್ನು ಅಲ್ಲಿಗೆ ನಡೆದು ಹೋದವರೇ ಹೇಳಬೇಕು.