‘ಅವ್ರು ಇಲ್ಲೇ ಕುಂತವ್ರೆ’

2020ರ ಬೇಸಿಗೆ. ಶಿರಾ ಕಡೆಯ ಒಂದು ಹಳ್ಳಿ. ಆಶಾ ಕಾರ್ಯಕರ್ತೆಯೊಬ್ಬರು ರಿಜಿಸ್ಟರ್ ಹಿಡಿದು ಮನೆಮನೆ ಸರ್ವೆಗೆ ಹೊರಟಿದ್ದರು. ಬೆಂಗಳೂರಿನಿಂದ ಯಾರಾದರೂ ಬಂದಿದ್ದಾರಾ, ಜ್ವರ ಇದೆಯಾ, ಕೆಮ್ಮು ಇದೆಯಾ ಎಂದು ಕೇಳಿ ಬರೆದುಕೊಳ್ಳುವುದಷ್ಟೇ ಕೆಲಸ. ಒಂದು ಮನೆಯ ಹೆಂಗಸು ಬಾಗಿಲ ಸಂದಿಯಿಂದಲೇ ಎಲ್ಲಕ್ಕೂ ಉತ್ತರ ಕೊಟ್ಟು, ಇವರು ರಿಜಿಸ್ಟರ್ ಮುಚ್ಚುವ ಹೊತ್ತಿಗೆ ದನಿ ತಗ್ಗಿಸಿ, ‘ಅಕ್ಕಾ, ಈ ತಿಂಗ್ಳು ಮಾತ್ರೆ ತಂದಿಲ್ವಾ?’ ಅಂದಳಂತೆ. ಏನಾಯ್ತಮ್ಮಾ ಅಂದರೆ ಕಣ್ಣಲ್ಲೇ ಒಳಗೆ ತೋರಿಸಿ, ‘ಆಮ್ಯಾಕ್ ಹೇಳ್ತೀನಿ, ಅವ್ರು ಇಲ್ಲೇ ಕುಂತವ್ರೆ’.

ಆ ‘ಆಮ್ಯಾಕೆ’ ಬರಲು ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ಅವಳ ಮುಟ್ಟು ನಿಂತಿತ್ತು.

ಕಾಗದದ ಮೇಲೆ ನೋಡಿದರೆ ಯಾವುದೂ ಬಂದ್ ಆಗಿರಲಿಲ್ಲ. ಗರ್ಭನಿರೋಧಕ, ಗರ್ಭಪಾತ ಎರಡನ್ನೂ ಕೇಂದ್ರ ಆರೋಗ್ಯ ಇಲಾಖೆ ಏಪ್ರಿಲ್‌ನಲ್ಲೇ ಅಗತ್ಯ ಸೇವೆ ಎಂದಿತ್ತು. ಸ್ಯಾನಿಟರಿ ಪ್ಯಾಡ್ ಕೂಡ ದಿನಸಿ ಜೊತೆ ಮಾರುವ ಸಾಮಾನೇ ಎಂದು ಬಿಡಿಸಿ ಹೇಳಲು ಸರ್ಕಾರಕ್ಕೆ ಮಾರ್ಚ್ 29ರ ಪತ್ರ ಬೇಕಾಯಿತು. ಲಾಕ್‌ಡೌನ್ ಶುರುವಾಗಿ ನಾಲ್ಕು ದಿನ ಕಳೆದಿತ್ತು. ಮುಟ್ಟು ಯಾವ ಲಾಕ್‌ಡೌನಿಗೂ ಕಾಯುವುದಿಲ್ಲ ಎಂಬುದು ಪಟ್ಟಿ ಮಾಡಿದವರಿಗೆ ಹೊಳೆದಿರಲಿಲ್ಲವೇನೋ. ಇತ್ತ ನರ್ಸಮ್ಮನವರಿಗೆ ಕೋವಿಡ್ ಡ್ಯೂಟಿ, ಆಪರೇಷನ್ ಕ್ಯಾಂಪುಗಳಿಲ್ಲ, ತಾಲ್ಲೂಕು ಆಸ್ಪತ್ರೆಗೆ ಬಸ್ಸಿಲ್ಲ. ಮೊದಲ ಮೂರು ತಿಂಗಳಲ್ಲೇ ದೇಶದ ಸುಮಾರು 18.5 ಲಕ್ಷ ಹೆಂಗಸರ ಗರ್ಭಪಾತಕ್ಕೆ ತೊಡಕಾಗಿರಬಹುದು ಎಂದು ಸುರಕ್ಷಿತ ಗರ್ಭಪಾತಕ್ಕಾಗಿ ಕೆಲಸ ಮಾಡುವ ಐಪಾಸ್ ಸಂಸ್ಥೆ ಅಂದಾಜು ಮಾಡಿತ್ತು.

ಮಾತ್ರೆ ಸಿಗದ್ದರ ಲೆಕ್ಕವಾದರೂ ಸಿಕ್ಕಿತು. ಮಾತಾಡಲು ಜಾಗ ಸಿಗದ್ದರ ಲೆಕ್ಕ ಯಾರೂ ಇಟ್ಟಿಲ್ಲ. ನಲ್ಲಿ ಕಟ್ಟೆ, ಸಂತೆ, ಗಾರ್ಮೆಂಟ್ಸ್‌ಗೆ ಹೋಗುವ ವ್ಯಾನು, ತವರಿನ ಹಿತ್ತಲು: ನಮ್ಮ ಹೆಂಗಸರು ಮನಸ್ಸಿನ ಮಾತು ಆಡಿಕೊಳ್ಳುತ್ತಿದ್ದುದು ಅಲ್ಲೆಲ್ಲ. ಇನ್ನೊಂದು ಜಾಗ ಡಾಕ್ಟರ ಕೋಣೆ. ಅಲ್ಲಿಯೂ ‘ಮನಸ್ಸು ಸರಿಯಿಲ್ಲ’ ಎಂದು ನೇರವಾಗಿ ಯಾರೂ ಹೇಳುವುದಿಲ್ಲ. ‘ಬಿಳಿ ಹೋಗ್ತದೆ, ಸೊಂಟ ನೋವು, ಸುಸ್ತು’ ಅನ್ನುತ್ತಾರೆ. ಗೋವಾದಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಸುಮಾರು ಎರಡೂವರೆ ಸಾವಿರ ಹೆಂಗಸರನ್ನು ಮಾತಾಡಿಸಿ ನಡೆಸಿದ ಅಧ್ಯಯನ ಇದನ್ನೇ ಕಂಡಿತ್ತು. ಬಿಳಿ ಹೋಗುವ ದೂರಿನ ಹಿಂದೆ ಸೋಂಕಿಗಿಂತ ಹೆಚ್ಚಾಗಿ ಖಿನ್ನತೆ, ಆತಂಕ, ಮನೆಯೊಳಗಿನ ಕಷ್ಟ ಇರುತ್ತಿದ್ದವು. ಅಂದರೆ ಬಿಳಿ ಹೋಗುವುದು ಎಷ್ಟೋ ಸಲ ಒಂದು ನೆಪ. ಆ ನೆಪ ಹಿಡಿದು ಆಸ್ಪತ್ರೆಗೆ ಹೋದವಳು, ಡಾಕ್ಟರು ಕೇಳುವವರಾಗಿದ್ದರೆ ಅಳುತ್ತಿದ್ದಳು. ಲಾಕ್‌ಡೌನ್ ಆ ನೆಪವನ್ನೂ ಕಿತ್ತುಕೊಂಡಿತು.

ಫೋನಲ್ಲೇ ಡಾಕ್ಟರನ್ನು ಕೇಳಬಹುದು ಎಂಬ ಟೆಲಿಮೆಡಿಸಿನ್ ಮಾರ್ಗಸೂಚಿ ಬಂದದ್ದು 2020ರ ಮಾರ್ಚ್ 25ರಂದು, ಲಾಕ್‌ಡೌನ್ ಶುರುವಾದ ದಿನವೇ. ನಿಮ್ಹಾನ್ಸ್ ಕೂಡ ಬೇಗನೆ ಸಹಾಯವಾಣಿ ತೆರೆಯಿತು. ಒಳ್ಳೆಯ ಕೆಲಸಗಳೇ. ಆದರೆ ತಾನೇ ಬಳಸುವ ಮೊಬೈಲ್ ಇದ್ದದ್ದು ದೇಶದ ಶೇ 54ರಷ್ಟು ಹೆಂಗಸರಿಗೆ ಮಾತ್ರ ಎನ್ನುತ್ತದೆ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಫೋನಿದ್ದರೂ ಒಂದೇ ಕೋಣೆಯ ಮನೆಯಲ್ಲಿ ಅತ್ತೆ, ಮಕ್ಕಳು, ಕೆಲಸ ಕಳೆದುಕೊಂಡ ಗಂಡ. ಉರಿ ಎಲ್ಲಿ, ನೋವು ಯಾವಾಗ ಎಂಬುದನ್ನು ಅವರ ಮುಂದೆ ಹೇಗೆ ಹೇಳುವುದು?

ಅದೇ ಸಮೀಕ್ಷೆಯಲ್ಲಿ ಇನ್ನೊಂದು ಅಂಕಿ ಇದೆ. ಗಂಡನಿಂದ ದೌರ್ಜನ್ಯ ಕಂಡ ಹೆಂಗಸರು ಕರ್ನಾಟಕದಲ್ಲಿ ಶೇ 44.4, ದೇಶದಲ್ಲೇ ಮೊದಲ ಸ್ಥಾನ. ಕೊರೊನಾ ಕಾಲದ ಒತ್ತಡ ಎಂದು ಸಮಾಧಾನ ಮಾಡಿಕೊಳ್ಳುವ ಹಾಗೂ ಇಲ್ಲ, ನಮ್ಮ ರಾಜ್ಯದ ಮಾಹಿತಿ ಕಲೆಹಾಕಿದ್ದು 2019ರಲ್ಲಿ. ಅಂಥ ಮನೆಗಳಿಗೇ ನಾವು ಹೊರಗಿನಿಂದ ಚಿಲಕ ಹಾಕಿದೆವು. ಹಗಲೂ ರಾತ್ರಿಯೂ ಗಂಡ ಮನೆಯಲ್ಲೇ ಇದ್ದಾಗ ‘ಇವತ್ತು ಬೇಡ’ ಅನ್ನುವ ಮಾತಿಗೆ ಎಷ್ಟು ಬೆಲೆ ಸಿಕ್ಕಿತು ಎಂದು ಯಾವ ಸರ್ವೆಯವರೂ ಬಾಗಿಲಲ್ಲಿ ನಿಂತು ಕೇಳಲಿಲ್ಲ. ಹೆಂಡತಿಯ ಮೇಲಿನ ಬಲವಂತವನ್ನು ನಮ್ಮ ಕಾನೂನು ಈಗಲೂ ಅತ್ಯಾಚಾರ ಅನ್ನುವುದಿಲ್ಲ.

ಬಾಣಂತಿಯರದು ಬೇರೆಯೇ ಪಾಡು. ತವರಿಗೆ ದಾರಿಯಿಲ್ಲ, ಮಗು ನೋಡಲು ಬರುವವರಿಲ್ಲ. ಹೆತ್ತ ಮೇಲೆ ನಿದ್ದೆಗೆಟ್ಟು, ಸುಮ್ಮಸುಮ್ಮನೆ ಅಳುವವಳನ್ನು ಅಜ್ಜಿಯೋ ಚಿಕ್ಕಮ್ಮನೋ ನೋಡಿದ್ದರೆ ‘ಇದ್ಯಾಕೋ ಸನ್ನಿ ಥರ ಕಾಣ್ತದೆ’ ಎಂದಾದರೂ ಎಚ್ಚರಿಸುತ್ತಿದ್ದರು.

2020ರಲ್ಲಿ ಕೊರೊನಾದಿಂದಾಗಿ ಜಗತ್ತಿನಲ್ಲಿ ಹೆಚ್ಚುವರಿಯಾಗಿ ಸೇರಿದ ಖಿನ್ನತೆಯ ಪ್ರಕರಣ ಸುಮಾರು 5.3 ಕೋಟಿ ಎಂದು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ಲೆಕ್ಕ ಕೊಟ್ಟಿತು. ಅದರಲ್ಲಿ ಮೂರನೇ ಎರಡು ಪಾಲು ಹೆಂಗಸರು.

ಈಗ ಮನಸ್ಸಿನ ಕಷ್ಟ ಹೇಳಿಕೊಳ್ಳಲು ಸರ್ಕಾರದ ಸಹಾಯವಾಣಿ ಟೆಲಿಮನಸ್ ಇದೆ. 14416ಕ್ಕೆ ಕರೆ ಮಾಡಿದರೆ ದುಡ್ಡಿಲ್ಲ, ದಿನದ 24 ಗಂಟೆಯೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ಇದನ್ನು ಓದುತ್ತಿರುವ ಗಂಡಸರಲ್ಲಿ ಒಂದು ವಿನಂತಿ. ನಂಬರನ್ನು ಮನೆಯವರ ಫೋನಿನಲ್ಲಿ ಸೇವ್ ಮಾಡಿಕೊಡಿ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಅರ್ಧ ಗಂಟೆ ಅಂಗಡಿ ಕಡೆ ಹೋಗಿ ಬನ್ನಿ.