ಮಕ್ಕಳ ಮುಖ ಪದೇ ಪದೇ ಕೆಂಪಾಗುತ್ತಿದೆಯೇ?

ತರಗತಿಯಲ್ಲಿ ಶಿಕ್ಷಕರು ಹೆಸರು ಹಿಡಿದು ಕರೆದರೆ ಸಾಕು, ಕೆಲವು ಮಕ್ಕಳ ಕೆನ್ನೆ, ಕಿವಿ, ಕುತ್ತಿಗೆ ಒಮ್ಮೆಲೇ ಬಿಸಿಯಾಗುತ್ತವೆ. ಮನೆಗೆ ಬಂದ ನೆಂಟರು ಮಾತನಾಡಿಸಿದರೂ ಅದೇ ಕಥೆ. ತಿಳಿಬಣ್ಣದ ಮುಖದಲ್ಲಿ ಇದು ಕೆಂಪಾಗಿ ಕಾಣುತ್ತದೆ. ಕಂದು ಮೈಬಣ್ಣದವರಲ್ಲಿ ಮುಖ ತುಸು ಕಪ್ಪಿಟ್ಟಂತೆ ತೋರಬಹುದು, ಇಲ್ಲವೇ ಹೊರಗೆ ಏನೂ ಕಾಣದೆ ಮಗುವಿಗೆ ಮಾತ್ರ ಉರಿ ಗೊತ್ತಾಗಬಹುದು.

ಇದು ರೋಗವಲ್ಲ. ಮುಜುಗರ, ಹೆದರಿಕೆ ಅಥವಾ ಸಂಕೋಚವಾದಾಗ ನಮ್ಮ ಹಿಡಿತದಲ್ಲಿಲ್ಲದ ನರಗಳು ಮುಖದ ಸಣ್ಣ ರಕ್ತನಾಳಗಳನ್ನು ಹಿಗ್ಗಿಸುತ್ತವೆ, ಅಲ್ಲಿಗೆ ರಕ್ತ ಹೆಚ್ಚು ಹರಿಯುತ್ತದೆ. ಹದಿಹರೆಯದಲ್ಲಿ 'ಇತರರು ನನ್ನನ್ನು ನೋಡುತ್ತಿದ್ದಾರೆ' ಎಂಬ ಅರಿವು ಹೆಚ್ಚು, ಆದ್ದರಿಂದ ಕೆಂಪೇರುವುದೂ ಹೆಚ್ಚು. ವಯಸ್ಸಾದಂತೆ ಬಹುತೇಕರಲ್ಲಿ ತಾನಾಗಿಯೇ ತಗ್ಗುತ್ತದೆ.

ತೊಂದರೆ ಕೊಡುವವರು ಹೆಚ್ಚಾಗಿ ದೊಡ್ಡವರೇ. "ನೋಡು, ಮುಖ ಹೇಗೆ ಕೆಂಪಾಯ್ತು!" ಎಂದು ನಾಲ್ವರ ಮುಂದೆ ಹೇಳಿದರೆ ಅದು ಇಮ್ಮಡಿಯಾಗುತ್ತದೆ. ಕೆಲವು ಮನೆಗಳಲ್ಲಿ ಇದನ್ನೇ ತಪ್ಪೊಪ್ಪಿಗೆಯೆಂದು ಹಿಡಿಯುತ್ತಾರೆ: ಮಗಳು ಏನೋ ಮುಚ್ಚಿಡುತ್ತಿದ್ದಾಳೆ, ಮಗ ಸುಳ್ಳು ಹೇಳುತ್ತಿದ್ದಾನೆ ಎಂದು. ಸೂರಃ ಅಲ್ ಹುಜುರಾತ್ ಗುಮಾನಿಯ ಬಗ್ಗೆ ಎಚ್ಚರಿಸಿರುವುದು ನಮಗೆಲ್ಲ ಗೊತ್ತು. ಅದು ಮನೆಯೊಳಗಿನ ಮಕ್ಕಳಿಗೂ ಅನ್ವಯಿಸುತ್ತದೆ. ಹಯಾವನ್ನು ಹೊಗಳುವ ನಾವೇ ಅದು ಮುಖದಲ್ಲಿ ಕಂಡಾಗ ನಗುವುದು ಎಂಥ ನ್ಯಾಯ?

ನಾಚಿಕೆಯಿಂದ ಬಂದ ಕೆಂಪು ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ದಿನಗಟ್ಟಲೆ ಉಳಿದರೆ ಕಾರಣ ಬೇರೆ. ದಢೇಸುಗೂರು, ಸಿಂಧನೂರು, ಮಸ್ಕಿ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಸಿಂಥೆಟಿಕ್ ಬಟ್ಟೆಯ ಸ್ಕಾರ್ಫ್ ಅಥವಾ ನಿಖಾಬಿನೊಳಗೆ ಬೆವರು ನಿಂತು ಬೆವರುಸಾಲೆ ಏಳುತ್ತದೆ. ತೆಳು ಹತ್ತಿ ಬಟ್ಟೆ ಒಳ್ಳೆಯದು. ವುಝೂವಿಗೆ ಬರೀ ನೀರು ಸಾಕು. ಪ್ರತಿ ಸಲವೂ ಸೋಪು ಹಚ್ಚಿದರೆ ಚರ್ಮ ಒಣಗಿ ಉರಿಯುತ್ತದೆ. ಭತ್ತದ ಗದ್ದೆಗೆ ಔಷಧಿ ಹೊಡೆಯುವ ಕೆಲಸಕ್ಕೆ ಹದಿಹರೆಯದ ಹುಡುಗರನ್ನು ಕಳಿಸಲೇಬಾರದು. ಮುಖ ಉರಿಯುವುದು ಅದರ ಹಾನಿಗಳಲ್ಲಿ ಚಿಕ್ಕದು.

ಇವೆಲ್ಲಕ್ಕಿಂತ ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಬಿಳಿ ಬಣ್ಣದ ಆಸೆಗೆ ಹಚ್ಚುವ ಮುಲಾಮುಗಳು. ಮದುವೆ ಹತ್ತಿರ ಬಂತೆಂದರೆ ಮೆಡಿಕಲ್ ಶಾಪಿನಿಂದ ಒಂದು ಟ್ಯೂಬ್ ಮನೆಗೆ ಬರುತ್ತದೆ. ಅಕ್ಕನ ಟ್ಯೂಬನ್ನು ತಂಗಿಯೂ ಹಚ್ಚುತ್ತಾಳೆ. ಇಂಥ ಅನೇಕ ಟ್ಯೂಬ್‌ಗಳಲ್ಲಿ ಬೆಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್‌ನಂಥ ಸ್ಟಿರಾಯ್ಡ್ ಇರುತ್ತದೆ. ಮೊದಲ ಕೆಲವು ವಾರ ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗಿ ರಕ್ತನಾಳಗಳು ಎದ್ದು ಕಾಣುತ್ತವೆ, ಮೊಡವೆ ಏಳುತ್ತದೆ, ಹುಡುಗಿಯರ ಮುಖದಲ್ಲೂ ಕೂದಲು ಬೆಳೆಯುತ್ತದೆ, ಬಿಸಿಲಿಗೆ ಹೋದರೆ ಉರಿಯುತ್ತದೆ. ಹಚ್ಚುವುದನ್ನು ಬಿಟ್ಟ ಕೂಡಲೇ ಮುಖ ಕೆಂಡದಂತಾಗುತ್ತದೆ. 'ಕ್ರೀಮ್ ಬಿಟ್ಟಿದ್ದಕ್ಕೇ ಹೀಗಾಯ್ತು' ಎಂದು ಮತ್ತೆ ಹಚ್ಚುತ್ತಾರೆ. ಸಿಕ್ಕಿಬೀಳುವುದು ಇಲ್ಲಿಯೇ.

2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಕೂಡದು ಎಂದು ನಿಯಮ ಬಿಗಿ ಮಾಡಿತು. ಹೆಸರು, ವಿಳಾಸ ಇಲ್ಲದ ಡಬ್ಬಿಗಳು ಇನ್ನೂ ಅಪಾಯ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಕ್ರೀಮ್ ಹಚ್ಚಿದವರಿಗೆ ಮೂತ್ರಪಿಂಡದ ಕಾಯಿಲೆ ಬಂದದ್ದು ಬೆಳಕಿಗೆ ಬಂತು. ಕಾರಣ ಅದರಲ್ಲಿದ್ದ ಪಾದರಸ.

ಮನೆಯಲ್ಲಿ ಯಾರಾದರೂ ಬಹಳ ದಿನದಿಂದ ಸ್ಟಿರಾಯ್ಡ್ ಹಚ್ಚುತ್ತಿದ್ದರೆ ಒಮ್ಮೆಗೇ ನಿಲ್ಲಿಸದೆ, ಟ್ಯೂಬನ್ನು ಜೊತೆಗೆ ಹಿಡಿದುಕೊಂಡು ಚರ್ಮರೋಗ ತಜ್ಞರ ಬಳಿಗೆ ಹೋಗಿ. ಬಿಡುವ ಕ್ರಮವನ್ನು ಅವರು ಹೇಳುತ್ತಾರೆ. ಕೆನ್ನೆಯಿಂದ ಮೂಗಿನ ಮೇಲೆ ಹಾದು ಚಿಟ್ಟೆಯಾಕಾರದಲ್ಲಿ ಕೆಂಪು ಹರಡಿ, ಜೊತೆಗೆ ಕೀಲುನೋವು, ಜ್ವರ, ಬಾಯಿಹುಣ್ಣು ಇದ್ದರೆ ತಡಮಾಡಬೇಡಿ. ಅದು ಲೂಪಸ್ ಆಗಿರಬಹುದು, ಹದಿಹರೆಯದ ಹುಡುಗಿಯರಲ್ಲೂ ಕಾಣಿಸಿಕೊಳ್ಳುತ್ತದೆ. ತಾಲೂಕು ಆಸ್ಪತ್ರೆಯಲ್ಲಿ ತೋರಿಸಿ, ಅಗತ್ಯವಿದ್ದರೆ ರಾಯಚೂರಿನ ರಿಮ್ಸ್‌ಗೆ ಹೋಗಬಹುದು.

ಮುಖ ಕೆಂಪಾಗುತ್ತದೆಂಬ ಭಯಕ್ಕೆ ಮಗು ಶಾಲೆ ತಪ್ಪಿಸುತ್ತಿದ್ದರೆ, ಮದುವೆ-ಮುಂಜಿಗೆ ಬರಲು ಒಲ್ಲದಿದ್ದರೆ ಅದಕ್ಕೂ ಸಹಾಯವಿದೆ. 14416 ಟೆಲಿ ಮಾನಸ್ ಸಹಾಯವಾಣಿಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮಗುವೇ ಮಾತನಾಡಲಿ, ಫೋನ್ ಕೊಟ್ಟು ನೀವು ಸ್ವಲ್ಪ ಹೊತ್ತು ಆಚೆ ಕೂತಿರಿ.